ಕಡಲಕೇರಿ ರಸ್ತೆಗೆ ಅಡ್ಡಲಾಗಿ ಮಲಗಿರುವ ಬೋಟಿನ ಹಗ್ಗದ ಕುರಿತು

ಸಂಖ್ಯೆ: ರಸು/ಹಗ್ಗ/ತೆರವು/ಇತರೆ/2018-19
ಸ್ಥಳ: ಕುಂದಾಪುರ
ದಿನಾಂಕ: ಶಾಲೆ ಆರಂಭವಾಗುವ ಹಿಂದಿನ ದಿನ, ಕಚೇರಿ ವೇಳೆಯ ನಂತರ

ವಿಷಯ: ವಸತಿ ಕೇರಿಗಳಲ್ಲಿ ವಾಹನಗಳ ವೇಗ ತಗ್ಗಿಸುವ ಬಗ್ಗೆ ಹಾಗೂ ಈಗಾಗಲೇ ತಗ್ಗಿರುವ ವೇಗವನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ:
(ಅ) 1997ರ ಬೇಸಿಗೆಯಲ್ಲಿ ಇಲಾಖೆಯ ಅಂದಿನ ಅಧಿಕಾರಿಯವರು ಕಡಲಕೇರಿಯ ಮೀನು ವ್ಯಾಪಾರಿ ಶ್ರೀಮತಿ ಗುಲಾಬಿಯವರ ಅಂಗಳದಲ್ಲಿ ಎಳನೀರು ಕುಡಿದು, ಬಾಯಿ ಒರೆಸಿಕೊಳ್ಳುತ್ತ ನೀಡಿದ ಮೌಖಿಕ ಭರವಸೆ: "ನಿಮ್ಮ ಮನೆಯ ಹೆಣ್ಣುಮಗು ಒಂದನೇ ಕ್ಲಾಸಿಗೆ ಹೋಗುವುದರೊಳಗೆ ಇಲ್ಲಿ ಹಂಪು ಹಾಕಿಸಿಕೊಡುತ್ತೇವೆ."
(ಆ) ಸದರಿಯವರು ಅಂದಿನಿಂದ ಸಲ್ಲಿಸುತ್ತ ಬಂದಿರುವ ಮನವಿಗಳು. ಮೀನಿನ ವಾಸನೆ ಇರುವುದರಿಂದ ಇವುಗಳನ್ನು ಪ್ರತ್ಯೇಕ ಕಪಾಟಿನಲ್ಲಿ ಇರಿಸಲಾಗಿದೆ.
(ಇ) ಕಿರಿಯ ಇಂಜಿನಿಯರ್ ಶ್ರೀ ಗೋವರ್ಧನರವರ ಸ್ಥಳ ತನಿಖಾ ವರದಿ.

ಪ್ರಸ್ತಾವನೆ:

ಕಡಲಕೇರಿಯಲ್ಲಿ ಮನೆಗಳು ರಸ್ತೆಯ ಒಂದು ಬದಿಗೂ ಶಾಲೆ ಇನ್ನೊಂದು ಬದಿಗೂ ಇದ್ದು, ನಡುವೆ ಖಾಸಗಿ ಬಸ್ಸುಗಳು ಒಂದನ್ನೊಂದು ಹಿಂದಿಕ್ಕುತ್ತ ಸಂಚರಿಸುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಜೂನ್ ತಿಂಗಳಲ್ಲಿ ಬೋಟುಗಳು ದಡ ಹತ್ತಿ ಗಂಡಸರು ಮನೆಯಲ್ಲಿರುವ ಸಮಯಕ್ಕೆ ಸರಿಯಾಗಿ ಶಾಲೆಯೂ ಬಾಗಿಲು ತೆರೆಯುವುದರಿಂದ, ಕೇರಿಯವರು ಪ್ರತಿ ವರ್ಷ ಕಡಲಿಗೆ ಬೇಡವಾದ, ತೊಡೆ ಗಾತ್ರದ ಬೋಟಿನ ಹಗ್ಗವನ್ನು ರಸ್ತೆಗೆ ಅಡ್ಡ ಹಾಸಿ, ಮೊಳೆ ಹೊಡೆದು, ಮರಳು ಮುಚ್ಚುವ ಪದ್ಧತಿಯನ್ನು ಇಟ್ಟುಕೊಂಡಿರುತ್ತಾರೆ. ಇಷ್ಟು ವರ್ಷ ಈ ಹಗ್ಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಳೆದ ವರ್ಷ ಇಲಾಖೆಯ ಜೀಪು ಸದರಿ ಹಗ್ಗವನ್ನು ಹಾರಿ, ಹಿರಿಯ ಅಧಿಕಾರಿಯವರ ತಲೆ ಜೀಪಿನ ಚಾವಣಿಗೆ ತಾಗಿದ್ದರಿಂದ ರಸ್ತೆ ಸುರಕ್ಷತೆಯ ಪ್ರಶ್ನೆ ಮೊದಲ ಬಾರಿಗೆ ಗಂಭೀರವಾಗಿ ಉದ್ಭವಿಸಿರುತ್ತದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಕೆಳಗಿನಂತೆ ಈ ಮೂಲಕ ಸೂಚಿಸಲಾಗಿದೆ.

1. ಸದರಿ ಹಗ್ಗವು ಅನಧಿಕೃತ. ಹಗ್ಗದಿಂದ ಉಂಟಾದ ನಿಧಾನವೂ ಅನಧಿಕೃತ. ಈ ರೀತಿ ಅನಧಿಕೃತವಾಗಿ ನಿಧಾನಗೊಂಡಿರುವ ವಾಹನಗಳು ಕೂಡಲೇ ತಮ್ಮ ಮೊದಲಿನ ವೇಗಕ್ಕೆ ಮರಳತಕ್ಕದ್ದು.

2. ಹಗ್ಗದ ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತು ವೇಗ ಸಮೀಕ್ಷೆ ನಡೆಸಲಾಗಿದ್ದು, ಎಲ್ಲ ವಾಹನಗಳೂ ನಿಧಾನವಾಗಿ ಹೋಗುತ್ತಿರುವುದು ದೃಢಪಟ್ಟಿದೆ. ಆದ್ದರಿಂದ ಇಲ್ಲಿ ರಸ್ತೆ ಉಬ್ಬಿನ (ಹಂಪಿನ) ಅಗತ್ಯ ಇರುವುದಿಲ್ಲ. ಉಬ್ಬಿನ ಅಗತ್ಯವೇ ಇಲ್ಲದ ಕಡೆ ಹಗ್ಗದ ಅಗತ್ಯವೂ ಇರುವುದಿಲ್ಲ. ಹಗ್ಗ ತೆಗೆದ ಮೇಲೆ ವೇಗ ಹೆಚ್ಚಾದಲ್ಲಿ ಮರುಸಮೀಕ್ಷೆ ಕೋರಬಹುದು. ಆದರೆ ವೇಗವಾಗಿ ವಾಹನ ಹೋಗುವ ರಸ್ತೆಯ ಬದಿಯಲ್ಲಿ ಸಿಬ್ಬಂದಿಯನ್ನು ಕೂರಿಸುವುದು ಅಪಾಯಕಾರಿಯಾದ್ದರಿಂದ ಅಂಥ ಕೋರಿಕೆಯನ್ನು ಪರಿಗಣಿಸಲಾಗುವುದಿಲ್ಲ.

3. ನಿಯಮದಂತೆ ಉಬ್ಬು ಹಾಕಲು ಸ್ಥಳದಲ್ಲಿ ಜೀವಹಾನಿ ಆಗಿರಬೇಕು. ಹಗ್ಗವಿಲ್ಲದ ದಿನಗಳಲ್ಲಿ ಬಸ್ಸೊಂದು ಶ್ರೀಮತಿ ಗುಲಾಬಿಯವರ ಬುಟ್ಟಿಯ ಮೇಲೆ ಹಾದುಹೋದ ಪ್ರಕರಣವನ್ನು ಪರಿಶೀಲಿಸಲಾಗಿ, ಬುಟ್ಟಿಯಲ್ಲಿದ್ದ ಬಂಗುಡೆ ಮೀನುಗಳು ಘಟನೆಗೆ ಮುಂಚೆಯೇ ಮೃತಪಟ್ಟಿದ್ದವೆಂದು ಕಂಡುಬಂದಿದೆ. ಪಕ್ಕದಲ್ಲೇ ಇದ್ದ ಮೊಮ್ಮಗಳು ಪೂಜಿತಾ ಕೂದಲೆಳೆಯಲ್ಲಿ ಪಾರಾಗಿದ್ದು, ಪಾರಾದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ನಮೂನೆಯಲ್ಲಿ ಕಾಲಂ ಇರುವುದಿಲ್ಲ. ಈ ಬಗ್ಗೆ ಶ್ರೀಮತಿ ಗುಲಾಬಿಯವರು "ಹ್ವಾಯ್ ಸಾರ್, ಬಂಗ್ಡಿ ಹೋದ್ರೆ ಕಡ್ಲಂಗೆ ಮತ್ತ್ ಸಿಕ್ಕತ್ತ್. ಹೆಣ್ಣ್ ಹೋದ್ರೆ ನೀವ್ ತಂದ್ ಕೊಡ್ತ್ರ್ಯಾ?" ಎಂದು ಹೇಳಿಕೆ ನೀಡಿರುತ್ತಾರೆ. ಹೇಳಿಕೆಯು ಪ್ರಶ್ನಾರೂಪದಲ್ಲಿದ್ದ ಕಾರಣ ದಾಖಲಿಸಿಕೊಂಡಿಲ್ಲ.

4. ಬಸ್ಸಿನ ಚಾಲಕ ಶ್ರೀ ಶೇಖರರವರನ್ನು ವಿಚಾರಿಸಲಾಗಿ, "ಹಿಂದಿನ್ ಬಸ್ ನನ್ ಬಾಲಕ್ಕೇ ಇತ್ತ್ ಮಾರ್ರೆ. ನಾ ಬ್ರೇಕ್ ಹಾಕ್ರೆ ಸ್ಟಾಪಂಗಿದ್ದ್ ಜನ ಎಲ್ಲ ಅವಂಗೆ. ಅವ್ನ್ ಹತ್ರ ಕೇಣಿ" ಎಂದಿರುತ್ತಾರೆ. ಹಿಂದಿನ ಬಸ್ಸಿನ ಚಾಲಕರೂ ತಮ್ಮ ಹಿಂದಿನ ಬಸ್ಸಿನ ಬಗ್ಗೆ ಇದನ್ನೇ ಹೇಳಿರುತ್ತಾರೆ. ಎಲ್ಲಕ್ಕಿಂತ ಹಿಂದಿನ ಬಸ್ಸು ಪತ್ತೆಯಾಗುವವರೆಗೆ ತನಿಖೆಯನ್ನು ಕಾಯ್ದಿರಿಸಲಾಗಿದೆ.

5. ನಾಲ್ಕು ಅಡಿಗಿಂತ ಕುಳ್ಳಗಿರುವ ಮಕ್ಕಳು ಚಾಲಕರ ಕಣ್ಣಿಗೆ ಕಾಣಿಸುವುದಿಲ್ಲವೆಂದು ವರದಿಯಾಗಿರುವುದರಿಂದ, ಅಂಥ ಮಕ್ಕಳು ಮೊದಲು ಬೆಳೆದು ನಂತರ ರಸ್ತೆ ದಾಟತಕ್ಕದ್ದು. ಬೆಳವಣಿಗೆಯಲ್ಲಿ ವಿಳಂಬವಾದಲ್ಲಿ ಪೋಷಕರೇ ಹೊಣೆ.

6. ಶ್ರೀಮತಿ ಗುಲಾಬಿಯವರು ದಿನಾ ಬೆಳಿಗ್ಗೆ ರಸ್ತೆಯ ಮಧ್ಯೆ ನಿಂತು, ಮೀನಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕೇರಿಯ ಮಕ್ಕಳನ್ನು ದಾಟಿಸುತ್ತಿರುವುದು ಕಂಡುಬಂದಿದೆ. ಸಮವಸ್ತ್ರವಿಲ್ಲದೆ ಬಸ್ಸು ನಿಲ್ಲಿಸುವುದು ಆಕ್ಷೇಪಾರ್ಹ. ಕಾರಣ ಕೇಳಲಾಗಿ, "ವಾಸ್ನಿ ಅಂತೇಳಿ ನನ್ ಬುಟ್ಟಿ ಬಸ್ಸಂಗೆ ಹತ್ಸೂದಿಲ್ಲ. ಅಡ್ಡ ನಿಂತ್ರಾರೂ ನಿಲ್ಲಿಸ್ಲಿ" ಎಂದಿರುತ್ತಾರೆ. ಇನ್ನು ಮುಂದೆ ಬುಟ್ಟಿ ಎತ್ತುವುದಿದ್ದಲ್ಲಿ ಮುಂಚಿತವಾಗಿ ಪರವಾನಗಿ ಪಡೆದು, ಬುಟ್ಟಿಗೆ ಕಪ್ಪು-ಬಿಳಿ ಪಟ್ಟೆ ಬಳಿದು, ಒಳಗಿನ ಮೀನಿನ ಜಾತಿಯನ್ನು ಚಾಲಕರಿಗೆ ಕಾಣುವಂತೆ ಬರೆಯತಕ್ಕದ್ದು.

7. ಮೊಮ್ಮಗಳು ಸುರಕ್ಷಿತವಾಗಿ ಮನೆ ಸೇರಿದ ದಿನವೆಲ್ಲ ಸದರಿಯವರು ಕುಂಭಾಶಿಯ ಆನೆಗುಡ್ಡೆ ಗಣಪತಿಗೆ ಕೈಮುಗಿಯುವುದನ್ನು ಪರ್ಯಾಯ ವೇಗ ನಿಯಂತ್ರಣ ಕ್ರಮವೆಂದು ಪರಿಗಣಿಸಿ, ಕಾಮಗಾರಿ ಪ್ರಗತಿಯಲ್ಲಿದೆ ಎಂದು ಮೇಲಿನ ಕಚೇರಿಗೆ ವರದಿ ಸಲ್ಲಿಸಲಾಗಿದೆ.

8. ಉಲ್ಲೇಖ (ಅ)ರ ಭರವಸೆಯಲ್ಲಿ "ಹೆಣ್ಣುಮಗು" ಎಂದಷ್ಟೇ ಇದ್ದು ಹೆಸರು ನಮೂದಾಗಿಲ್ಲ. ಅಂದಿನ ಮಗು, ಶ್ರೀಮತಿ ಗುಲಾಬಿಯವರ ಮಗಳು ಕುಮಾರಿ ವಿನಯಾ ಶಾಲೆ ಮುಗಿಸಿ, ಮದುವೆಯಾಗಿ, ಈಗ ಶ್ರೀಮತಿ ವಿನಯಾ ಆಗಿದ್ದು, ಅವರ ಮಗಳೇ ಪೂಜಿತಾ. ಆದ್ದರಿಂದ ಭರವಸೆಯನ್ನು ವಿನಯಾರವರ ಲೆಕ್ಕದಿಂದ ಪೂಜಿತಾಳ ಲೆಕ್ಕಕ್ಕೆ ವರ್ಗಾಯಿಸಿ, ಅವಧಿ ಮೀರಿಲ್ಲವೆಂದು ತೀರ್ಮಾನಿಸಲಾಗಿತ್ತು. ಪೂಜಿತಾ ನಾಳೆ ಒಂದನೇ ತರಗತಿಗೆ ಸೇರುತ್ತಿರುವುದು ಇಲಾಖೆಗೆ ಅನಿರೀಕ್ಷಿತ.

9. ಮಾದರಿ ರಸ್ತೆ ಉಬ್ಬೊಂದನ್ನು ಇಲಾಖೆಯ ಕಚೇರಿ ಅಂಗಳದಲ್ಲಿ ನಿರ್ಮಿಸಿ ಬಣ್ಣ ಬಳಿಯಲಾಗಿದೆ. ಸುರಕ್ಷಿತವಾಗಿ ರಸ್ತೆ ದಾಟಲು ಇಚ್ಛಿಸುವ ಮಕ್ಕಳು ಕಚೇರಿ ವೇಳೆಯಲ್ಲಿ ಅಲ್ಲಿಗೆ ಬಂದು ದಾಟಿ ಹೋಗಬಹುದು.

10. ಶ್ರೀ ಗೋವರ್ಧನರವರು ತಮ್ಮ ವರದಿಯ ಕೊನೆಯಲ್ಲಿ, "ಹಗ್ಗವಿಲ್ಲದ ಜಾಗದಲ್ಲಿ ಪೂಜಿತಾಳನ್ನು ನಾನೇ ಕೈಹಿಡಿದು ದಾಟಿಸಿದೆ. ನನಗೇ ಕಾಲು ನಡುಗಿತು. ಉಬ್ಬು ಆಗುವವರೆಗೆ ಹಗ್ಗ ಅಲ್ಲೇ ಇರಲಿ" ಎಂದು ಬರೆದಿದ್ದು, ಇಂಜಿನಿಯರುಗಳ ಕಾಲು ನಡುಗುವುದು ತಾಂತ್ರಿಕ ಅಂಶವಲ್ಲವಾದ್ದರಿಂದ ಹೊಡೆದುಹಾಕಲಾಗಿದೆ. ಸದರಿಯವರನ್ನು ರಸ್ತೆಗಳಿಲ್ಲದ ವಿಭಾಗಕ್ಕೆ ನಿಯೋಜಿಸಲಾಗಿದೆ.

11. ಇಂದು ಸಂಜೆ ಸಿಬ್ಬಂದಿ ಹಗ್ಗ ತೆರವುಗೊಳಿಸಲು ಹೋದಾಗ ನೆರೆಮನೆಯ ಶ್ರೀಮತಿ ಬಾಗಿಯವರು ಹಗ್ಗದ ಮೇಲೆಯೇ ಕುಳಿತು, "ನಾ ಏಳೂದಿಲ್ಲ, ಎಂತ ಮಾಡ್ತ್ರಿ ಮಾಡಿ" ಎಂದು ಕರ್ತವ್ಯಕ್ಕೆ ಅಡ್ಡಿಪಡಿಸಿರುತ್ತಾರೆ. ಅಷ್ಟರಲ್ಲಿ ಬಸ್ಸು ಬಂದಿದ್ದರಿಂದ ಶ್ರೀಮತಿ ಗುಲಾಬಿಯವರೇ "ಏಳೇ ಬಾಗಿ, ನೀನೂ ಬಸ್ಸಿನ್ ಅಡಿ ಹೋಪುದ್ ಬ್ಯಾಡ" ಎಂದು ಕೈಹಿಡಿದು ಎಬ್ಬಿಸಿ ಇಲಾಖೆಯೊಂದಿಗೆ ಸಹಕರಿಸಿರುತ್ತಾರೆ. ಅವರಿಗೆ ಅಭಿನಂದನೆಗಳು.

ಹಗ್ಗವನ್ನು ತೆಗೆಯಲಾಗಿದೆ. ಉಬ್ಬನ್ನು ಹಾಕಲಾಗಿಲ್ಲ. 1997ರಲ್ಲಿ ನೀಡಿದ ಭರವಸೆ ಈಡೇರಿಲ್ಲ.

ಸಹಿ/-
(ಹೆಸರು ಓದಲಾಗುವುದಿಲ್ಲ)
ಪ್ರಭಾರ ಅಧಿಕಾರಿ
ವೇಗ ತಗ್ಗಿಸುವ ಶಾಖೆ

ಪ್ರತಿಗಳು:
1. ಎಲ್ಲ ಬಸ್ ಚಾಲಕರಿಗೆ: ಬಸ್ಸು ನಿಂತಾಗ ಓದಿಕೊಳ್ಳಲು.
2. ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ: ಗೈರುಹಾಜರಾದ ಮಕ್ಕಳ ಎತ್ತರವನ್ನು ಅಳೆದು ವರದಿ ಮಾಡಲು.
3. ಹಗ್ಗದ ಮೂಲ ಬೋಟಿನ ಮಾಲೀಕರಿಗೆ: ಹಗ್ಗವನ್ನು ಕಡಲಿಗೆ ಮರಳಿಸಲು.
4. ಕಚೇರಿ ಪ್ರತಿ.
5. ಶ್ರೀಮತಿ ಗುಲಾಬಿ, ಕಡಲಕೇರಿ: ಇವರ ಪ್ರತಿಯನ್ನು ನಾಳೆ ಬೆಳಿಗ್ಗೆ, ಬಸ್ಸುಗಳು ಹೋಗುವ ವೇಳೆಯಲ್ಲಿ, ರಸ್ತೆಯ ಆಚೆ ಬದಿಯಲ್ಲಿ ವಿತರಿಸಲಾಗುವುದು. ಮೊಮ್ಮಗಳೊಂದಿಗೆ ಖುದ್ದಾಗಿ ದಾಟಿ ಬಂದು ಸಹಿ ಮಾಡಿ ಪಡೆಯತಕ್ಕದ್ದು.