ವಿಯೆನ್ನಾದಿಂದ ತಂದ ಕುಂಕುಮ ಭರಣಿ

ಯಾವ ಊರಿಗೆ ಹೋದರೂ ಎಲ್ಲಿ ಕೊಳ್ಳಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡ ಬೀದಿಗೆ ಹೋಗಬಾರದು. ದೇವಸ್ಥಾನದ ಮುಂದಿನ ಅಂಗಡಿಗೆ ಹೋಗಬೇಕು. ಅಲ್ಲಿ ಸಾಮಾನು ಗಟ್ಟಿ, ರೇಟು ಕಮ್ಮಿ, ಅಂಗಡಿಯವನಿಗೂ ಸ್ವಲ್ಪ ದೇವರ ಭಯ ಇರುತ್ತದೆ. ನಂಜನಗೂಡಿನಲ್ಲಿ ನಡೆದದ್ದು ಯುರೋಪಿನಲ್ಲಿ ಯಾಕೆ ನಡೆಯಬಾರದು? ಹೀಗೆ ನಂಬಿ ಹೊರಟವಳು ನಾನು!

ಅಮೆರಿಕದಲ್ಲಿ ಮಗಳ ಮನೆಯಲ್ಲಿ ಇರುವವಳು ನಾನು. ಅಳಿಯ ಮುರಳಿಗೆ ವಿಯೆನ್ನಾ ಎಂಬ ಊರಿನಲ್ಲಿ ಒಂದು ವಾರ ಆಫೀಸಿನ ಕೆಲಸ ಬಿತ್ತು. ನನ್ನೊಬ್ಬಳನ್ನೇ ಬಿಟ್ಟು ಹೋದರೆ ಮೆಣಸಿನಕಾಯಿ ಹುರಿದು ಬಿಲ್ಡಿಂಗಿನ ಫೈರ್ ಅಲಾರಂ ಮತ್ತೆ ಕೂಗಿಸುತ್ತೇನೆಂದು ಮಗಳು ಶೈಲಾ ನನ್ನನ್ನೂ ಕಟ್ಟಿಕೊಂಡು ಹೋದಳು. ಆಗ ನಾವಿನ್ನೂ ಲಿಸ್ಲ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಪ್ಲೇನ್‌ಫೀಲ್ಡಿನಲ್ಲಿ ಹೊಸ ಮನೆ ಸಿದ್ಧವಾಗುತ್ತಿತ್ತು. ವಾಪಸು ಬಂದ ತಕ್ಷಣ ಗೃಹಪ್ರವೇಶ. ಬಂದ ಹೆಂಗಸರಿಗೆ ತಾಂಬೂಲದ ಜೊತೆ ಕೊಡಲು ಏನಾದರೂ ಒಳ್ಳೆಯ ವಸ್ತು ಬೇಕಿತ್ತು.

ಸುಮ್ಮನೆ ಒಳ್ಳೆಯದಾದರೆ ಸಾಲದು. ಬೀಗಿತ್ತಿ ಸರೋಜಮ್ಮ ಮೆಚ್ಚುವಂಥದ್ದು ಬೇಕಿತ್ತು. ಈ ಸರೋಜಮ್ಮ ಮುರಳಿಯ ತಾಯಿ. ಡೆಟ್ರಾಯಿಟ್ ಹತ್ತಿರ ದೊಡ್ಡ ಮಗನ ಮನೆಯಲ್ಲಿದ್ದಾರೆ. ಹೊಸ ಮನೆಯ ವಿಷಯ ಕೇಳಿದ ದಿನವೇ ಫೋನಿನಲ್ಲಿ, "ಹೌದಾ? ನನ್ನ ಮಗನ ಮನೇಲಿ ನಿಮಗೂ ಒಂದು ರೂಮು ಇಟ್ಟಿದಾರಂತೆ? ಪುಣ್ಯವಂತರು ಬಿಡಿ" ಎಂದಿದ್ದರು. ಮಗಳ ಮನೆಯಲ್ಲಿ ಇರುವವಳಿಗೆ ಆ ಮಾತು ಎಲ್ಲಿ ಚುಚ್ಚುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ನಾನು ಈ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವವಳಲ್ಲ, ನಾಲ್ಕು ಜನರೆದುರು ಮನೆಯ ಮರ್ಯಾದೆ ಎತ್ತಿ ಹಿಡಿಯುವವಳು ಎಂದು ಅವರಿಗೆ ತೋರಿಸಲೇಬೇಕಿತ್ತು.

ವಿಯೆನ್ನಾದಲ್ಲಿ ಶೈಲಾ ಮೊದಲು ನನ್ನನ್ನು ದೊಡ್ಡ ಬೀದಿಗೇ ಕರೆದುಕೊಂಡು ಹೋದಳು. ಇಷ್ಟಗಲ ಗಾಜಿನ ಕಿಟಕಿ, ಒಳಗೆ ಒಂದೇ ಒಂದು ಚಪ್ಪಲಿ! ಎಡಗಾಲಿನದು ಮಾತ್ರ. ಅದರ ಮೇಲೆ ನಾಲ್ಕು ದೀಪ.

"ಬಲಗಾಲಿಂದು ಏನಾಯ್ತೇ?"

"ಒಳಗಿರುತ್ತಮ್ಮ. ರೇಟು ಮಾತ್ರ ನೋಡಬೇಡ."

ನೋಡಿದೆ. ಅಲ್ಲಿಂದ ಅವಳನ್ನು ಟ್ರಾಮ್ ಹತ್ತಿಸಿದೆ. ಊರು ಮುಗಿಯುವವರೆಗೂ ಹೋಗೋಣ, ದೇವಸ್ಥಾನ ಒಂದು ಸಿಕ್ಕೇ ಸಿಗುತ್ತದೆ ಎಂದೆ. ಸಿಕ್ಕಿತು! ಉದ್ದಕ್ಕೆ ಕಾಂಪೌಂಡ್ ಗೋಡೆ, ನಡುವೆ ದೊಡ್ಡ ಮಹಾದ್ವಾರ, ಒಳಗೆ ದೂರದಲ್ಲಿ ಗೋಪುರದಂಥ ಗುಮ್ಮಟ. ಬಾಗಿಲ ಮುಂದೆ ಹೂವು ಮಾರುವವರ ಸಾಲು. ಪಕ್ಕದಲ್ಲಿ ಕೆಂಪು ಗಾಜಿನ ದೀಪ ಮಾರುವವರು. ಮುದುಕಿಯರು ಹೂವು, ದೀಪ ಹಿಡಿದು ತಲೆ ತಗ್ಗಿಸಿ ಭಕ್ತಿಯಿಂದ ಒಳಗೆ ಹೋಗುತ್ತಿದ್ದರು. ಹೂವು, ದೀಪ, ಗೋಪುರ ಮೂರೂ ಇದ್ದ ಮೇಲೆ ಇನ್ನು ಕೇಳುವುದೇನು? ನಾನು ಚಪ್ಪಲಿ ಬಿಟ್ಟು ರಸ್ತೆಯಿಂದಲೇ ಕೈಮುಗಿದೆ. ಗಲ್ಲ ಗಲ್ಲ ಬಡಿದುಕೊಂಡೆ.

ಅಷ್ಟರಲ್ಲಿ ಶೈಲಾಗೆ ಆಫೀಸಿನ ಫೋನು ಬಂತು. "ಅಮ್ಮ, ನಂಗೆ ಮೀಟಿಂಗು. ಈ ಬೆಂಚು ಬಿಟ್ಟು ಕದಲಲ್ಲ. ನೀನೂ ದೂರ ಹೋಗಬೇಡ" ಎಂದು ಕಾರ್ಡು ಕೈಗೆ ಕೊಟ್ಟಳು. ಎದುರಿಗೇ ಒಂದು ಅಂಗಡಿ. ನಾನು ದೂರ ಹೋಗಲೇ ಇಲ್ಲ.

ಅಂಥ ಅಂಗಡಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಒಳಗೆ ತಣ್ಣಗೆ, ಸದ್ದಿಲ್ಲದೆ ಇತ್ತು. ಎಲ್ಲಿಂದಲೋ ಮೆತ್ತಗೆ ಪಿಟೀಲು ಕೇಳುತ್ತಿತ್ತು. ಕಪ್ಪು ಕೋಟು ಹಾಕಿದ ಮಾಲೀಕ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಕುರ್ಚಿ ಕೊಟ್ಟ, ಅದರಲ್ಲಿ ನಾನು ಹಿಡಿಸುವುದಿಲ್ಲವೆಂದು ಇನ್ನೊಂದು ಅಗಲವಾದದ್ದು ತಂದುಕೊಟ್ಟ, ನೀರು ಕೊಟ್ಟ. ಮುಂದೆ ಟಿಶ್ಯೂ ಪೆಟ್ಟಿಗೆ ಇಟ್ಟ. ಗಿರಾಕಿಗೆ ಬೆವರು ಒರೆಸಿಕೊಳ್ಳಲು ಕಾಗದ! ನಮ್ಮೂರ ಜವಳಿ ಅಂಗಡಿಯವರು ಇವನನ್ನು ನೋಡಿ ಕಲಿಯಬೇಕು ಎಂದುಕೊಂಡೆ.

ಆಮೇಲೆ ಕಣ್ಣಿಗೆ ಬಿದ್ದವು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಹಿತ್ತಾಳೆಯ ಭರಣಿಗಳು. ತಿರುಪಿನ ಮುಚ್ಚಳ, ಮೈತುಂಬಾ ಎಲೆಬಳ್ಳಿಯ ಕೆತ್ತನೆ. ಕೈಗೆತ್ತಿಕೊಂಡರೆ ಭಾರ. ಕುಂಕುಮ ಇಡಲು ದೇವರೇ ಹೇಳಿ ಮಾಡಿಸಿದಂತೆ ಇದ್ದವು. "ಆಲ್. ಫುಲ್ ಲೈನ್" ಎಂದು ಇಡೀ ಸಾಲು ತೋರಿಸಿದೆ.

ಅವನ ಮುಖ ಬಿಳುಚಿಕೊಂಡಿತು. "ಆಲ್? ಫ್ಯಾಮಿಲಿ?"

"ಫ್ಯಾಮಿಲಿ, ಫ್ರೆಂಡ್ಸ್, ಆಲ್ ಲೇಡೀಸ್!"

"ಟುಗೆದರ್?"

"ಎಸ್, ಎಸ್! ಒನ್ ಡೇ. ನ್ಯೂ ಹೌಸ್."

ಅವನು ಎದೆಯ ಮೇಲೆ ಕೈಯಾಡಿಸಿ ಏನೋ ಪ್ರಾರ್ಥಿಸಿದ. ಒಂದು ಟಿಶ್ಯೂ ತೆಗೆದು ತಾನೇ ಕಣ್ಣೊರೆಸಿಕೊಂಡ. ಇಷ್ಟು ದೊಡ್ಡ ವ್ಯಾಪಾರ ಕಂಡು ಪಾಪ ಆನಂದಬಾಷ್ಪ ಎಂದುಕೊಂಡೆ. ನಾನು ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ರೇಟು ಇಳಿಸಿಬಿಟ್ಟ! ಕೇಳದೇ ರೇಟು ಇಳಿಸಿದ ಅಂಗಡಿಯವನನ್ನು ನಾನು ನೋಡಿದ್ದು ಅದೇ ಮೊದಲು. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಖುಷಿ ಬಂತು.

ಗೃಹಪ್ರವೇಶದ ದಿನ ಹಾಲು ಉಕ್ಕಿತು, ಹೋಮ ಆಯಿತು, ಅಲಾರಂ ಕೂಗಿತು. ಎಲ್ಲವೂ ಕ್ರಮವಾಗಿ ನಡೆಯಿತು. ಶಾಮ್‌ಬರ್ಗ್‌ನಿಂದ, ಲಿಸ್ಲ್‌ನಿಂದ ಹೆಂಗಸರು ರೇಷ್ಮೆ ಸೀರೆಯಲ್ಲಿ ಬಂದರು. ಪಕ್ಕದ ಮನೆಯ ಲಿಂಡಾ ಎಂಬ ಅಮೆರಿಕದ ಹೆಂಗಸನ್ನೂ ಶೈಲಾ ಕರೆದಿದ್ದಳು. ಗಂಡ ತೀರಿಕೊಂಡು ಒಂಟಿಯಾಗಿರುವವಳು, ಒಳ್ಳೆಯವಳು. ಊಟವಾದ ಮೇಲೆ ನಾನೇ ನಿಂತು ತಾಂಬೂಲ ಹಂಚಿದೆ. ಪ್ರತಿ ಭರಣಿಯಲ್ಲೂ ಕುತ್ತಿಗೆಯವರೆಗೆ ಕುಂಕುಮ ತುಂಬಿಸಿದ್ದೆ.

ಸರೋಜಮ್ಮ ಭರಣಿಯನ್ನು ತಿರುಗಿಸಿದರು. ಉಗುರಿನಿಂದ ಬಡಿದರು. ತೂಗಿ ನೋಡಿದರು. ಸಭೆ ಉಸಿರು ಹಿಡಿಯಿತು, ಅಂದರೆ ನಾನು ಹಿಡಿದೆ.

"ಚೆನ್ನಾಗಿದೆ ಬೀಗ್ತಿ. ಎಲ್ಲಿ ತಗೊಂಡ್ರಿ?"

"ವಿಯೆನ್ನಾ" ಎಂದೆ. ಏನೂ ದೊಡ್ಡದಲ್ಲ ಎನ್ನುವಂತೆ ಸೆರಗು ಸರಿಮಾಡಿಕೊಂಡೆ. "ಅಲ್ಲಿಯ ದೇವಸ್ಥಾನದ ಮುಂದೆ."

"ನನ್ನ ದೊಡ್ಡ ಸೊಸೆಗೂ ಒಂದು ಕೊಡಿ."

ಎರಡನೆಯದು ಕೇಳಿದರು! ಸರೋಜಮ್ಮ! ನನಗೆ ಜನ್ಮ ಸಾರ್ಥಕವಾಯಿತು. ಆ ಸಾರ್ಥಕ್ಯ ಸುಮಾರು ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಇತ್ತು.

ಲಿಂಡಾ ತನ್ನ ಭರಣಿಯನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ಮುಚ್ಚಳ ತೆಗೆದು ಒಳಗೆ ನೋಡಿದಳು. ಆಮೇಲೆ ಮೆತ್ತಗೆ ನನ್ನ ಭುಜ ಮುಟ್ಟಿ, "ಹೂ ಈಸ್ ದಿಸ್?" ಎಂದಳು. ಇದು ಯಾರು ಅಂತ! ಇಂಗ್ಲಿಷಿನವರಿಗೇ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂದುಕೊಂಡು, ಬಾಯಲ್ಲಿ ಹೇಳುವ ಬದಲು ಮಾಡಿಯೇ ತೋರಿಸೋಣವೆಂದು ಭರಣಿಗೆ ಬೆರಳು ಅದ್ದಿ ಅವಳ ಹಣೆಗೆ ಇಡಲು ಹೋದೆ.

ಲಿಂಡಾ "ಓ ಮೈ ಗಾಡ್, ನೋ!" ಎಂದು ಕಿರುಚಿ ಸೋಫಾ ಹತ್ತಿದಳು. ಅಲ್ಲಿಂದ ನೋಡಿದರೆ ಕೋಣೆಯ ತುಂಬಾ ಹೆಂಗಸರು ಅಂಥದೇ ಭರಣಿಗೆ ಬೆರಳು ಅದ್ದಿ, ನಗುನಗುತ್ತಾ ಒಬ್ಬರ ಹಣೆಗೊಬ್ಬರು ಬಳಿಯುತ್ತಿದ್ದಾರೆ! ಅವಳು ಎದೆ ಒಡೆದು ಸಾಯದೇ ಇದ್ದದ್ದು ಹೊಸ ಮನೆಯ ಪುಣ್ಯ.

ಶೈಲಾ ಓಡಿ ಬಂದಳು. ಲಿಂಡಾ ನಡುಗುತ್ತಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಕೇಳುತ್ತಾ ಕೇಳುತ್ತಾ ಶೈಲಾಳ ಮುಖದ ಬಣ್ಣ ಇಳಿಯಿತು. ಮೊಮ್ಮಗಳು ಅನನ್ಯ ಭರಣಿಯ ಫೋಟೋ ಹೊಡೆದು ಫೋನಿನಲ್ಲಿ ಹುಡುಕಿದಳು. ಹೈಸ್ಕೂಲಿನ ಹುಡುಗಿ, ಗಂಟಲು ದೊಡ್ಡದು.

"ಅಜ್ಜಿ! ದಿಸ್ ಈಸ್ ಫಾರ್ ಡೆಡ್ ಪೀಪಲ್!"

"ಏನಂತೆ?" ಎಂದೆ.

"ಚಿತಾಭಸ್ಮ ಇಡೋದಂತಮ್ಮ" ಎಂದಳು ಶೈಲಾ. "ಸತ್ತವರ ಬೂದಿ ನೆನಪಿಗೆ ಒಂದು ಚಿಟಿಕೆ ಇಟ್ಕೋತಾರಲ್ಲ, ಅದಕ್ಕೆ. ಲಿಂಡಾ ಮನೇಲಿ ಅವರ ಗಂಡ ಇಂಥದ್ದರಲ್ಲೇ ಇದಾರಂತೆ. ನಿನಗೆ ಇದನ್ನ ಕೊಟ್ಟೋನು ಯಾರು? ಅದು ದೇವಸ್ಥಾನ ಅಲ್ಲಮ್ಮ. ಸ್ಮಶಾನ!"

ನಾನು ಸ್ಮಶಾನಕ್ಕೆ ಚಪ್ಪಲಿ ಬಿಟ್ಟು ಗಲ್ಲ ಬಡಿದುಕೊಂಡಿದ್ದೆ! ಆ ಕಪ್ಪು ಕೋಟಿನವನು ನೆನಪಾದ. ಒಂದೇ ದಿನ, ಒಂದೇ ಮನೆಯಲ್ಲಿ, ಇಡೀ ಬಳಗದ ಹೆಂಗಸರನ್ನು ಕಳೆದುಕೊಂಡು ಲೇಡೀಸ್ ಲೇಡೀಸ್ ಎಂದು ನಗುತ್ತಿದ್ದ ಮುದುಕಿಯನ್ನು ಆ ಪುಣ್ಯಾತ್ಮ ಇನ್ನೂ ಮರೆತಿರಲಾರ.

ಸುದ್ದಿ ಕೋಣೆ ದಾಟಲು ಎರಡು ನಿಮಿಷ ಸಾಕಾಯಿತು. ಒಬ್ಬೊಬ್ಬರಾಗಿ ಭರಣಿಯನ್ನು, ಬಿಸಿ ಪಾತ್ರೆ ಇಳಿಸುವಂತೆ, ಮೇಜಿನ ಮೇಲೆ ಇಳಿಸಿದರು. "ತಲೆಗೆ ಸ್ನಾನ ಆಗಬೇಕಾ ಆಂಟಿ?" ಎಂದು ಒಬ್ಬಳು ಕಾಂಜೀವರಂ ಎತ್ತಿ ಹಿಡಿದು ಕೇಳಿದಳು. ಕೇಳಿದ್ದೇ ತಡ, ಬಚ್ಚಲಿನ ಮುಂದೆ ರೇಷ್ಮೆ ಸೀರೆಯ ಕ್ಯೂ! ಬಿಸಿನೀರು ಮೂರನೆಯವಳಿಗೇ ಮುಗಿಯಿತು.

ಶೈಲಾ ಪುರೋಹಿತರ ಕಾಲಿಗೆ ಬೀಳುವುದೊಂದು ಬಾಕಿ. "ಭಟ್ರೇ, ಏನಾದ್ರೂ ದೋಷ?"

"ಹೊಸದಾ, ಉಪಯೋಗಿಸಿದ್ದಾ?"

"ಹೊಸದು, ಹೊಸದು!"

"ಹಂಗಾದ್ರೆ ಅದು ಬರೀ ಡಬ್ಬಿ ಕಣಮ್ಮ. ದೋಷ ಗೀಷ ಏನಿಲ್ಲ. ಸ್ನಾನವೂ ಬೇಡ. ಧೈರ್ಯವಾಗಿರಿ" ಎಂದು ಗಂಭೀರವಾಗಿ ಅಪ್ಪಣೆ ಕೊಟ್ಟ ಭಟ್ಟರು, ತಮ್ಮ ಹೆಂಡತಿಗೆಂದು ಚೀಲದಲ್ಲಿ ಹಾಕಿಕೊಂಡಿದ್ದ ಭರಣಿಯನ್ನು ಸದ್ದಾಗದಂತೆ ತೆಗೆದು ಮೇಜಿನ ಮೇಲಿಟ್ಟು ಹೊರಟರು.

ಎಲ್ಲರೂ ಹೋದರು. ಉಳಿದವರು ನಾನು, ಒಂದು ಪೆಟ್ಟಿಗೆ ತುಂಬಾ ಭರಣಿ, ಮತ್ತು ಸರೋಜಮ್ಮ. ಅವರು ಕಾಲು ಚಾಚಿ ಕೂತು ನಿಧಾನವಾಗಿ ವೀಳ್ಯ ಅಗಿಯುತ್ತಿದ್ದರು. ಅದೇ ಹೆಚ್ಚು ಹೆದರಿಕೆ.

"ಬೀಗ್ತಿ" ಎಂದರು ಕೊನೆಗೆ. "ಎಲ್ಲರೂ ಗೃಹಪ್ರವೇಶಕ್ಕೆ ಕರೀತಾರೆ. ನಿರ್ಗಮನದ ವ್ಯವಸ್ಥೆನೂ ಮಾಡಿ ಕಳಿಸೋರು ನೀವೊಬ್ಬರೇ."

"ಬೈದುಬಿಡಿ" ಎಂದೆ. "ಒಂದೇ ಸಲ ಬೈದುಬಿಡಿ. ನಿಮ್ಮ ಮಗನ ಮನೇಲಿ ಇಂಥ ಕೆಲಸ ಮಾಡಿದೀನಿ. ಇವನ್ನ ನಾಳೆ ಬೆಳಿಗ್ಗೆನೇ ಬಿಸಾಕ್ತೀನಿ."

"ಯಾಕೆ ಬಿಸಾಕ್ತೀರಿ? ಒಳ್ಳೇ ಹಿತ್ತಾಳೆ. ಇಟ್ಕೊಳ್ಳಿ, ಬೇಕಾಗುತ್ತೆ."

"ಎಲ್ಲಾನೂ? ಒಬ್ಬರಿಗೆ ಒಂದು ಸಾಕಲ್ವಾ?"

ಸರೋಜಮ್ಮ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಒಮ್ಮೆ, ಎಡದಿಂದ ಬಲಕ್ಕೆ ಎರಡು ಸಲ ಅಳೆದರು.

"ನಿಮ್ಮೊಬ್ಬರಿಗೇ ಅಷ್ಟೂ ಬೇಕಾಗುತ್ತೆ" ಎಂದರು.

ಹಿಂದೆ ಬಾಗಿಲಲ್ಲಿ ನಿಂತಿದ್ದ ಅನನ್ಯ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸರೋಜಮ್ಮನಿಗೆ ಉತ್ತರ ಕೊಡದೇ ಬಿಟ್ಟವಳಲ್ಲ ನಾನು. ಬಾಯಿ ತೆರೆದೆ. ಪೆಟ್ಟಿಗೆಯ ಕಡೆ ನೋಡಿದೆ. ನನ್ನನ್ನು ನಾನು ನೋಡಿಕೊಂಡೆ. ಬಾಯಿ ಮುಚ್ಚಿದೆ.

ಯಾಕೆಂದರೆ ಬೀಗಿತ್ತಿ ಮರ್ಯಾದೆ ಇಟ್ಟುಕೊಂಡು ಹೇಳಿದ್ದರು. ನಿಜವಾಗಿ ನೋಡಿದರೆ ನಾಲ್ಕೈದು ಕಮ್ಮಿಯೇ ಬೀಳುತ್ತವೆ!