ಮಾವ ಸುಳಿ ನೋಡಿ ತಂದ ಬಂದೂಕು

ಸೂಜಿಗೆ ದಾರ ಪೋಣಿಸಾಕ ನನಗ ಕನ್ನಡಕ ಬೇಕಿಲ್ಲ. ಕರೆಂಟು ಹೋಗಿರಲಿ, ದಾರ ಕರೀದಿರಲಿ, ಒಂದೇ ಸಲಕ್ಕ ಪೋಣಿಸ್ತೀನಿ. ಹಗರಿಬೊಮ್ಮನಹಳ್ಳಿಯೊಳಗ ಟೇಲರ್ ಶಾಂತಕ್ಕನ ಕಣ್ಣು ಅಂದ್ರ ಹೆಸರುವಾಸಿ. ಇಂಥ ಕಣ್ಣಿದ್ದಾಕಿಗೆ ಬಂದೂಕು ಹೊಡಿಯೋದು ಏನು ಮಹಾ ಅಂತ ನಾನು ತಿಳಕೊಂಡೆ. ಜೀವನದಾಗ ತಪ್ಪು ತಿಳಕೊಂಡಿದ್ದು ಬಾಳ ಐತಿ, ಆದ್ರ ಇಷ್ಟು ಧೈರ್ಯದಿಂದ ತಿಳಕೊಂಡಿದ್ದು ಇದೊಂದ.

ಹೊಲಿಗಿ ಮಷೀನು ತುಳಿಯೋ ಹೆಂಗಸಿಗೆ ಬಂದೂಕು ಯಾಕ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನಿ. ಉತ್ತರ, ಇಲಿ.

ನನ್ನ ಅಂಗಡಿ ಮೊದಲು ಶೇಂಗಾ ಗೋಡೌನ್ ಆಗಿತ್ತು. ಅಗಲ ಕಮ್ಮಿ, ಉದ್ದ ಬಾಳ. ಮುಂದಿನ ಬಾಗಲದಾಗ ನಿಂತು ನೋಡಿದ್ರ ಹಿಂದಿನ ಗ್ವಾಡಿ ಪಕ್ಕದೂರಾಗ ಇದ್ದಂಗ ಕಾಣ್ತೈತಿ. ಶೇಂಗಾ ಖಾಲಿ ಆಗಿ ಎಷ್ಟೋ ವರ್ಷ ಆತು, ಇಲಿಗೆ ಮಾತ್ರ ಆ ಸುದ್ದಿ ಯಾರೂ ಮುಟ್ಟಿಸಿಲ್ಲ. ಇರ್ಲಿ ಪಾಪ ಅಂತ ನಾನೂ ಸುಮ್ಮನಿದ್ದೆ. ತಂಬ್ರಹಳ್ಳಿ ಹುಲಿಗೆಮ್ಮಕ್ಕನ ರೇಷ್ಮಿಗೆ ಬಾಯಿ ಹಾಕೋ ತನಕ.

ಹುಲಿಗೆಮ್ಮಕ್ಕ ಮಗಳು ನೇತ್ರಾನ ಮದುವಿಗೆ ಆರು ಬ್ಲೌಸು ಹೊಲಿಯಾಕ ಕೊಟ್ಟಿದ್ಲು. ಆಕಿ ಎಲ್ಲಿ ಹೊಲಿಸ್ತಾಳೋ ತಂಬ್ರಹಳ್ಳಿ ಹೆಂಗಸರೆಲ್ಲ ಅಲ್ಲೇ ಹೊಲಿಸ್ತಾರ, ಅಂಥ ಮನಿಷ್ಯಾಳು. ಆ ಆರರಾಗ ಒಂದರ ತೋಳನ್ನ ಇಲಿ ಕಡದು ಜಾಳು ಜಾಳು ಮಾಡ್ತು. ಪುಣ್ಯಕ್ಕ ಅದೇ ರೇಷ್ಮಿ ತುಣುಕು ಮಿಕ್ಕಿತ್ತು. ಹೊಸ ತೋಳು ಕೂಡಿಸಿ, ಫೋನು ಮಾಡಿ, ಇದ್ದದ್ದು ಇದ್ದಂಗ ಹೇಳಿದೆ.

ಹುಲಿಗೆಮ್ಮಕ್ಕ ಬಾಳ ತಣ್ಣಗ ಅಂದ್ಲು: "ಆತು ಬಿಡು ಶಾಂತಾ, ಇಲಿಗೇನು ತಿಳೀತೈತಿ. ಆದ್ರ ಇನ್ನೊಂದು ತೂತು ಬಿತ್ತೋ, ಬಸ್‌ಸ್ಟ್ಯಾಂಡಿನ ಹತ್ರ ಒಬ್ಬಾಕಿ ಹೊಸಾಕಿ ಅಂಗಡಿ ಇಟ್ಟಾಳಲ್ಲ, ಆಕೀನೂ ಚಲೋ ಹೊಲೀತಾಳಂತ."

ಬೈದಿದ್ರ ಸೈಸಿಕೊಳ್ತಿದ್ದೆ. ತಣ್ಣಗ ಹೇಳಿದ್ಲು ನೋಡ್ರಿ. ತಂಬ್ರಹಳ್ಳಿ ಕೈಬಿಟ್ರ ನನ್ನ ಅರ್ಧ ಅಂಗಡಿ ಕೈಬಿಟ್ಟಂಗ.

ಬೋನು ಇಟ್ಟೆ, ಒಳಗ ಬಿಸಿ ಮಿರ್ಚಿ ಕಟ್ಟಿದೆ. ಬೆಳಿಗ್ಗೆ ನೋಡಿದ್ರ ಬೋನಿನ ಬಾಗಲ ಬಿದ್ದೈತಿ, ಮಿರ್ಚಿ ಇಲ್ಲ, ಇಲೀನೂ ಇಲ್ಲ. ಬೆಕ್ಕು ತಂದು ಬಿಟ್ಟೆ. ಅದು ಬಟ್ಟಿ ಚೂರಿನ ಮೂಟಿ ಮ್ಯಾಲೆ ಮಲಗಿದ್ದು ಮಲಗಿದ್ದ, ಇಲಿ ಅದರ ಬಾಲ ದಾಟಿಕೊಂಡು ಓಡಾಡ್ತಿತ್ತು. ಪಾಷಾಣ ಇಡಾಕ ಧೈರ್ಯ ಸಾಲಲಿಲ್ಲ. ಸತ್ತು ಗ್ವಾಡಿ ಸಂದ್ಯಾಗ ನಾರಿದ್ರ ಮದುವಿ ರೇಷ್ಮಿಗೆ ಆ ವಾಸನಿ ಹಿಡೀತೈತಿ.

ಹಿಂಗಿರುವಾಗ ಮೊಬೈಲಿನಾಗ ಒಂದು ವಿಡಿಯೋ ಕಂಡೆ. ಯಾವನೋ ಬಿಳಿ ಮನಿಷ್ಯಾ ಹುಲ್ಲಿನಾಗ ಬೋರಲ ಮಲಗಿ, ಕಣ್ಣಿಗೆ ಕಾಣದಷ್ಟು ದೂರ ಇಟ್ಟಿದ್ದ ಡಬ್ಬಿಯನ್ನ ಬಂದೂಕಿನಿಂದ ಹಾರಿಸ್ತಿದ್ದ. ಅವನ ಮಾತು ಒಂದೂ ತಿಳೀಲಿಲ್ಲ. ಮಲಗೋದು ಮಾತ್ರ ಚಲೋ ತಿಳೀತು. ಲೈಸೆನ್ಸ್ ಬೇಡದ ಗಾಳಿ ಬಂದೂಕು ಹೊಸಪೇಟ್ಯಾಗ ಸಿಗ್ತೈತಿ ಅಂತಾನೂ ಗೊತ್ತಾತು. ಅವತ್ತ ರಾತ್ರಿ ಊಟಕ್ಕ ಕುಂತಾಗ ನಮ್ಮನಿಯವರ ಮುಂದ ನನ್ನ ಬೇಡಿಕಿ ಮಂಡಿಸಿದೆ: ಸದರಿ ಬಂದೂಕು ದೂರಕ್ಕೆ ಹೊಡೆಯತಕ್ಕದ್ದು, ಗುರಿ ತಪ್ಪತಕ್ಕದ್ದಲ್ಲ, ಸಪ್ಪಳ ಮಾಡತಕ್ಕದ್ದಲ್ಲ, ಇಲಿ ಸಾಯತಕ್ಕದ್ದು, ಬಟ್ಟೆಗೆ ಕಲೆ ಹತ್ತತಕ್ಕದ್ದಲ್ಲ, ಹಾಗೂ ಬೆಲೆಯು ಒಂದು ಸೆಕೆಂಡ್‌ಹ್ಯಾಂಡ್ ಹೊಲಿಗೆ ಮಷೀನಿಗಿಂತ ಮೇಲೆ ಹೋಗತಕ್ಕದ್ದಲ್ಲ.

ನಮ್ಮನಿಯವ್ರು ಸೊಸೈಟಿಯೊಳಗ ಗುಮಾಸ್ತರು, ಮಾತು ಕಮ್ಮಿ. ರೊಟ್ಟಿ ಮುರಕೊಂತ ಅಂದ್ರು: "ಇಷ್ಟೆಲ್ಲ ಗುಣ ಇರೋದು ಸಿಕ್ರ ಬಂದೂಕು ಬ್ಯಾಡ, ನೇತ್ರಾಗ ಗೊತ್ತಾದ ವರನ್ನ ಬಿಟ್ಟು ಇದನ್ನ ಮಾಡ್ಕೊ ಅಂತ ಹೇಳು."

"ನೀವು ಬರ್ತೀರೋ ಇಲ್ಲೋ?"

"ನನಗ ಬಂದೂಕು ತಿಳ್ಯಂಗಿಲ್ಲ. ಆರಿಸೋದು ತಿಳದಾವ್ರನ್ನ ಕರಕೊಂಡು ಹೋಗು."

ಆರಿಸೋದು ತಿಳದಾವ್ರು ಅಂದ್ರ ನಮ್ಮ ಬಳಗದಾಗ ಒಬ್ರ, ಗುಡೇಕೋಟಿ ಓಬಣ್ಣ ಮಾವ. ನನ್ನ ತಾಯಿಯ ಖಾಸ ತಮ್ಮ. ಎತ್ತು ಆರಿಸೋದ್ರಾಗ ಕೂಡ್ಲಿಗಿ ಸುತ್ತಮುತ್ತ ಅವನ ಮಾತಿಗೆ ಎದುರಿಲ್ಲ. ಸಂತಿಯೊಳಗ ಮಾವ ಒಂದು ಎತ್ತಿನ ಬೆನ್ನು ತಟ್ಟಿದ್ರ ಅದರ ರೇಟು ಏರ್ತೈತಿ, ಮುಖ ತಿರುವಿದ್ರ ಇಳೀತೈತಿ. ಎತ್ತು ಆರಿಸಾವಗ ಬಂದೂಕು ಆರಿಸೋದು ಕಷ್ಟ ಏನು ಅಂತ ನಾನಂದೆ. ಮಾವ ಸೈತ ಹಂಗ ಅಂದ. ಇಬ್ರೂ ಒಂದ ರಕ್ತ.

ಹೊಸಪೇಟಿ ಅಂಗಡಿಯವ ಸಾದಾ ಮನಿಷ್ಯಾ. ನನ್ನ ಅಂಗಡಿ ಉದ್ದ, ಇಲಿ ಗಾತ್ರ, ನನ್ನ ಕೈಯಾಗಿನ ರೊಕ್ಕ ಎಲ್ಲ ಕೇಳಿ, ಮೂರು ಬಂದೂಕು ಮುಂದಿಟ್ಟ. ಮೊದಲನೇದು ತೋರಿಸಿ, "ಅಕ್ಕಾರ, ಮೊದಲ ಸಲ ತಗೊಳ್ಳೋರಿಗೆ ಇದು ಸಾಕ್ರಿ. ಗುರಿ ನೆಟ್ಟಗೈತಿ, ನಿಮ್ಮ ಬಜೆಟ್ಟಿನಾಗೂ ಕುಂದರ್ತೈತಿ" ಅಂದ. ನಾನು ಕೈ ಚಾಚಿದೆ.

"ತಡಿ" ಅಂದ ಮಾವ.

ಬಂದೂಕಿನ ಸುತ್ತ ಒಂದು ಸುತ್ತು ಹಾಕಿದ. ಬಗ್ಗಿ ನೋಡಿದ. ಹೆಗಲಿಗೆ ಒತ್ತೋ ಕಟ್ಟಿಗಿ ಮ್ಯಾಲೆ ಒಂದು ಗಂಟಿನ ಗುರುತಿತ್ತು, ಸುತ್ತಿಕೊಂಡು ಸುತ್ತಿಕೊಂಡು. ಅದರ ಮ್ಯಾಲೆ ಬೆರಳಿಟ್ಟು ಮಾವ ನನ್ನ ಕಡಿ ನೋಡಿದ. ಸಾವಿನ ಸುದ್ದಿ ಹೇಳೋರ ಮುಖ ಹಂಗಿರ್ತೈತಿ.

"ಹಿಂದಿನ ತೊಡಿ ಮ್ಯಾಲೆ ಸುಳಿ ಐತವ್ವ. ಇಂಥದ್ದು ಹಟ್ಟಿಗೆ ಬಂದ್ರ ಯಜಮಾನಗ ಆಗಿ ಬರಂಗಿಲ್ಲ."

"ಅಜ್ಜಾರ, ಅದು ಮರದ ಗಂಟ್ರಿ" ಅಂದ ಅಂಗಡಿಯವ.

"ಮಾರಾವ್ರು ಎಲ್ಲಾರೂ ಹಂಗ ಅಂತಾರ" ಅಂದ ಮಾವ.

ಎರಡನೇದನ್ನ ಎತ್ತಿ ತೂಗಿ, ಬಾಯಿ ನೋಡ್ತೀನಂತ ನಳಿಗಿಗೆ ಕಣ್ಣು ಹಚ್ಚಿದ. ಅಂಗಡಿಯವ ಗಾಬರಿಯಾಗಿ ಕೈ ಹಿಡಕೊಂಡ. "ನೋಡು, ಬಾಯಿ ತೋರಿಸಾಕ ಬಿಡವಲ್ಲ. ಹಲ್ಲು ಹೋಗಿರಬೇಕು" ಅಂತ ನನ್ನ ಕಿವ್ಯಾಗ ಹೇಳಿದ. ಮೂರನೇದು ವರ್ಷಗಟ್ಟಲೆ ಗ್ವಾಡಿಗೆ ತೂಗುಹಾಕಿದ್ದ ಹಳೇದು. ಅದರ ಬೆನ್ನು ಸವರಿದ, ಪಕ್ಕಿ ತಟ್ಟಿದ. ಅದು ಅಲ್ಲಾಡಲಿಲ್ಲ. "ಇದು ಸಾಧು ಐತಿ. ಸುಳಿ ಇಲ್ಲ, ಸೊಕ್ಕಿಲ್ಲ. ಕಣ್ಣು ಮುಚ್ಚಿಕೊಂಡು ತಗೋ." ಬಂದೂಕು ಸಾಧು ಇದ್ರ ಅದನ್ನ ತಗೊಂಡು ಏನು ಮಾಡೋದು ಅಂತ ನನಗ ಆವಾಗ ಹೊಳೀಬೇಕಿತ್ತು. ಹೊಳೀಲಿಲ್ಲ. ಅದಕ್ಕ ಮ್ಯಾಲೊಂದು ಸಣ್ಣ ದುರ್ಬೀನು ಇತ್ತು. ಅದರಾಗ ಕಣ್ಣಿಟ್ರ ಎದುರಿನ ಅಂಗಡಿ ಕ್ಯಾಲೆಂಡರಿನ ತಾರೀಖು ಕೈಗೆ ಸಿಗೋವಷ್ಟು ಹತ್ರ ಕಂಡಿತ್ತು. ನಾನು ಸೋತೆ.

ಆಧಾರ್ ಜೆರಾಕ್ಸ್ ಬೇಕು ಅಂದ್ರು. ನಾನು ಮಾಡಿಸಿಕೊಂಡು ಬರೋದ್ರಾಗ ಮಾವ ಅಂಗಡಿಯವನ ಕೈಯನ್ನ ತನ್ನ ಟವೆಲ್ಲಿನೊಳಗ ಎಳಕೊಂಡು, ಬೆರಳು ಹಿಚುಕಿ ರೇಟು ಮಾತಾಡ್ತಿದ್ದ, ಎತ್ತಿನ ಸಂತಿ ಪದ್ಧತಿ. ಅಂಗಡಿಯವಗ ಆ ಬೆರಳ ಲೆಕ್ಕ ತಿಳೀದು. ಕೈ ಬಿಡಿಸಿಕೊಂಡ್ರ ಸಾಕಾಗಿ, "ಆತ್ರಿ ಅಜ್ಜಾರ, ಆತ್ರಿ, ನೀವು ಹೇಳಿದಂಗ" ಅಂದ. ರೇಟೇನೋ ಇಳೀತು. ನಾನು ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡೋದೊಂದು ಬಾಕಿ.

ಬಂದೂಕನ್ನ ಮಾವ ತನ್ನ ಚೀಲದಾಗಿನ ಧೋತರದಾಗ ಸುತ್ತಿ, ತೊಟ್ಟಿಲ ಕೂಸಿನಂಗ ತೊಡಿ ಮ್ಯಾಲೆ ಇಟ್ಟುಕೊಂಡು ಬಸ್ಸಿನಾಗ ಕುಂತ. ಕಂಡಕ್ಟರು "ಇದೇನ್ರಿ ಉದ್ದಂದು?" ಅಂದ್ರ, "ಮನಿಗೆ ಹೊಸಾ ಜೀವ ಬಂದೈತಿ" ಅಂದ. ಕಂಡಕ್ಟರು ನನ್ನ ಮುಖಾನೂ ಗಂಟನ್ನೂ ಒಂದೆರಡು ಸಲ ನೋಡಿ, ಮುಂದಿನ ಸೀಟಿಗೆ ಹೋಗಿಬಿಟ್ಟ.

ಅಂಗಡಿಗೆ ಬಂದು ಗಂಟು ಬಿಚ್ಚಿದೆ. ಬಂದೂಕು ಐತಿ, ಸೀಸದ ಗುಂಡಿನ ಡಬ್ಬಿ ಐತಿ. ದುರ್ಬೀನು ಇಲ್ಲ.

"ಮಾವಾ, ಮ್ಯಾಲಿನದ್ದು ಎಲ್ಲಿ?"

"ಅದು ಅವರ ಹಗ್ಗಲ್ಲೇನು? ವಾಪಸ್ ಕೊಟ್ಟೆ" ಅಂದ ಮಾವ, ಬಾಳ ಸಮಾಧಾನದಿಂದ. "ಎತ್ತು ತಂದ್ರ ಮಾರಿದವರ ಹಗ್ಗ ತರಬಾರದು. ಅವರ ಮನಿ ಲಕ್ಷ್ಮಿ ಅದು. ಎತ್ತು ಅವರದ್ದು, ಹಗ್ಗ ನಮ್ಮದು. ಆ ಹುಡುಗ ಮೊದಲು ಬ್ಯಾಡ ಬ್ಯಾಡ ಅಂದ. ನೀ ರೊಕ್ಕ ಎಣಿಸೋದ್ರಾಗ ನಾನ ಬಿಚ್ಚಿಸಿ ಅವನ ಕೈಯಾಗಿಟ್ಟೆ."

ಆ ಬಂದೂಕಿಗೆ ಗುರಿ ಹಿಡಿಯಾಕ ಇದ್ದದ್ದು ಅದೊಂದ ಕಣ್ಣು. ಹಲ್ಲು, ಬೆನ್ನು, ಸುಳಿ ಎಲ್ಲ ನೋಡಿ, ಕಣ್ಣು ಕಿತ್ತು ಕೊಟ್ಟು ಬಂದಿದ್ದ ನಮ್ಮ ಮಾವ. ಅಳಬೇಕೋ ನಗಬೇಕೋ ತಿಳೀಲಿಲ್ಲ. ಊಟಕ್ಕ ಬಂದಿದ್ದ ನಮ್ಮನಿಯವ್ರಿಗೆ ತಿಳೀತು, ಅವರು ನಕ್ರು.

ಅಂಗಡಿಯವಗ ಫೋನು ಮಾಡಿದ್ರ, "ನಾಳಿಗೆ ಬಸ್ಸಿಗೆ ಹಾಕಿ ಕಳಿಸ್ತೀನ್ರಿ ಅಕ್ಕಾರ" ಅಂದ. ಬುದ್ಧಿ ಇದ್ದಾಕಿ ನಾಳಿ ತನಕ ಕಾಯ್ತಿದ್ಲು. ನಾಳಿ ಹುಲಿಗೆಮ್ಮಕ್ಕ ಬ್ಲೌಸಿಗೆ ಬರಾಕಿ. ಇಲಿ ಏನರ ಅವತ್ತ ರಾತ್ರಿ ಬಾಯಿ ಹಾಕಿದ್ರ? ಅದೂ ಅಲ್ಲದ, ನಾನು ಟೇಲರು. ಇಲ್ಲದ್ದನ್ನ ಹೊಲದು ಕೂಡಿಸೋದ ನನ್ನ ಕಸುಬು. ಬ್ಲೌಸಿನ ಹುಕ್ಕು ಸಿಗಿಸೋ ತಂತಿ ಕಾಜು ಒಂದನ್ನ ಬಂದೂಕಿನ ಹಿಂದ ಅಂಟಿಸಿದೆ, ಮುತ್ತಿನ ತಲಿ ಇರೋ ಗುಂಡುಪಿನ್ನು ಒಂದನ್ನ ನಳಿಗಿ ತುದಿಗೆ ನಿಲ್ಲಿಸಿದೆ. ಕಾಜಿನಾಗ ಮುತ್ತು ಕಂಡ್ರ, ಮುತ್ತಿನ ಮ್ಯಾಲೆ ಇಲಿ ಕಂಡ್ರ, ಇಲಿ ಸತ್ತಂಗ.

ಹಿತ್ತಲ ಗ್ವಾಡಿ ಮ್ಯಾಲೆ ಬಟ್ಟಿಗೆ ಗುರುತು ಹಾಕೋ ಚಾಕ್‌ಪೀಸಿನಿಂದ ಗುಂಡಗ ಬರದು, ಬಟ್ಟಿ ಒಗಿಯೋ ಕಲ್ಲಿನ ಹತ್ರ ನಿಂತು ಹೊಡದೆ. ಗುಂಡು ಗುರಿಗಿಂತ ಒಂದು ಗೇಣು ಎಡಕ್ಕ ಬಿತ್ತು. ಇನ್ನೊಮ್ಮೆ ಹೊಡದೆ, ಅಲ್ಲೇ ಬಿತ್ತು. ಮತ್ತೊಮ್ಮೆಯೂ ಅಲ್ಲೇ. ನನಗ ಖುಷಿಯಾತು. ತಪ್ಪಿದ್ರೂ ಒಂದ ಅಳತಿಯಾಗ ತಪ್ತೈತಿ. ಎಡಕ್ಕ ಗೇಣು ಹೋಗೋದನ್ನ ಬಲಕ್ಕ ಗೇಣು ಹಿಡಿದು ಹೊಡದ್ರ ಸರಿ. ಹಿಡಿಯೋದು, ಬಿಡೋದು, ದಿನಾ ಮಾಡೋ ಆಲ್ಟ್ರೇಷನ್ನು. ಹಂಗ ಹಿಡಿದು ಹೊಡದೆ, ಗುಂಡಗ ಬರದದ್ದರ ನಡುವ ಬಿತ್ತು. ಮಾವ ಮೀಸಿ ತಿರುವಿದ.

ನಮ್ಮನಿಯವ್ರು ಮಾತ್ರ ಬಾಗಲದಾಗ ನಿಂತು ಅಂದ್ರು: "ಈ ಗೇಣು ಉದ್ದದ ಹಿತ್ತಲದಾಗ ಗೇಣು ತಪ್ಪಿದ್ರ, ಅಂಗಡಿ ಉದ್ದಕ್ಕ ಎಷ್ಟು ತಪ್ಪೀತು, ವಿಚಾರ ಮಾಡೀಯೇನು?"

"ಅಳತಿ ವಿಷಯ ನನಗ ಹೇಳಾಕ ಬರಬ್ಯಾಡ್ರಿ" ಅಂದೆ.

ಊರು ಮಧ್ಯಾಹ್ನದ ನಿದ್ದಿಗೆ ಬಿದ್ದಿತ್ತು. ಇಸ್ತ್ರಿ ಮಾಡಿದ ಆರೂ ಬ್ಲೌಸು ಎಡಗಡಿ ಗ್ವಾಡಿಯ ಪೈಪಿಗೆ ಹ್ಯಾಂಗರಿನಾಗ ಒಂದರ ಹಿಂದೊಂದು ನೇತಾಡ್ತಿದ್ವು. ನಾನು ಕಟಿಂಗ್ ಟೇಬಲ್ಲಿನ ಮ್ಯಾಲೆ, ವಿಡಿಯೋದಾಗ ಕಂಡಂಗ, ಬೋರಲ ಮಲಗಿದೆ. ಮಾವ ಹಿಂದ ನಿಂತು ಬಂದೂಕಿನ ಬೆನ್ನು ಸವರಿ "ಹೋ, ಹೋ, ಹೋ" ಅಂತ ಸಮಾಧಾನ ಮಾಡ್ತಿದ್ದ. ಕೊನಿಗೂ ಹಿಂದಿನ ಗ್ವಾಡಿಯಾಗಿಂದ ಇಲಿ ಹೊರಬಂತು. ದಾರದ ಡಬ್ಬಿ ಮ್ಯಾಲೆ ಕುಂತು ಮುಖ ತೊಳಕೊಳ್ಳಾಕ ಹತ್ತಿತು. ಕಾಜಿನಾಗ ಮುತ್ತು, ಮುತ್ತಿನ ಮ್ಯಾಲೆ ಇಲಿ, ಅಲ್ಲಿಂದ ಬಲಕ್ಕ ಒಂದು ಗೇಣು. ಉಸಿರು ಹಿಡಿದೆ. ಒತ್ತಿದೆ.

ಫಟ್.

ಇಲಿ ಮುಖ ತೊಳಿಯೋದು ನಿಲ್ಲಿಸಿ ನನ್ನ ಕಡಿ ನೋಡ್ತು. ಆಮ್ಯಾಲೆ ಉಳಿದ ಅರ್ಧ ಮುಖಾನೂ ತೊಳಕೊಂಡು, ಅವಸರ ಇಲ್ಲದ ಒಳಗ ಹೋತು. ಹಿತ್ತಲದಾಗ ಒಂದು ಗೇಣು ತಪ್ಪಿದ್ದು ಅಂಗಡಿ ಉದ್ದಕ್ಕ ಮೂರ್ನಾಕು ಗೇಣು ತಪ್ಪಿತ್ತು. ಎಡಗಡಿ ಆರೂ ಬ್ಲೌಸು ಸಣ್ಣಗ ತೂಗ್ಯಾಡ್ತಿದ್ವು. ಎದ್ದು ಹೋಗಿ ಒಂದೊಂದ ಬೆಳಕಿಗೆ ಹಿಡಿಯಾಕ ನನಗ ಧೈರ್ಯ ಬರ್ಲಿಲ್ಲ.

ಅಷ್ಟರಾಗ ಬಾಗಲದಾಗ ನೆರಳು ಬಿತ್ತು. ಬಳಿ ಇಡಿಸಾಕ ಊರಿಗೆ ಬಂದಿದ್ಲಂತ ಹುಲಿಗೆಮ್ಮಕ್ಕ, ಒಂದು ದಿನ ಮೊದಲ, ನೇತ್ರಾನ್ನ ಕರಕೊಂಡು. ಒಳಗ ಕಾಲಿಟ್ಟಾಕಿ ಟೇಬಲ್ಲಿನ ಮ್ಯಾಲೆ ಬೋರಲ ಮಲಗಿದ್ದ ನನ್ನನ್ನೂ ಬಂದೂಕನ್ನೂ ನೋಡಿ ಅಲ್ಲೇ ನಿಂತ್ಲು.

"ನೇತ್ರಾ ಮೊನ್ನಿ ಹಾಕಿ ನೋಡಿದಾಗ ತೋಳು ಬಿಗಿ ಆಗಿತ್ತು ಅಂತ ಹೇಳ್ಬೇಕಂತ ಬಂದಿದ್ದೆ, ಶಾಂತಾ. ಬ್ಯಾಡ ಬಿಡು. ಚಲೋ ಆಗೈತಿ."

ನೇತ್ರಾ ಮೊದಲು ಕಂಡುಹಿಡಿದ್ಲು. ಒಂದು ಬ್ಲೌಸು ಎತ್ತಿ ಬೆಳಕಿಗೆ ಹಿಡಿದ್ಲು, ಬೆನ್ನಾಗ ತೂತು. ಎರಡನೇದು ಹಿಡಿದ್ಲು, ಅದೇ ಜಾಗದಾಗ ತೂತು. ಆರಕ್ಕ ಆರೂ, ಟೇಪು ಹಿಡಿದು ಹೊಡದಂಗ. ಬಸ್‌ಸ್ಟ್ಯಾಂಡಿನ ಹೊಸಾ ಟೇಲರಿನ ಮುಂದ ತಂಬ್ರಹಳ್ಳಿ ಹೆಂಗಸರು ಸಾಲು ಹಚ್ಚಿ ನಿಂತಿದ್ದು ಕಣ್ಣಿಗೆ ಕಟ್ಟಿತು.

ಹುಲಿಗೆಮ್ಮಕ್ಕ ಸ್ಟೂಲ್ ಎಳಕೊಂಡು ಕುಂತ್ಲು. "ಇಲಿ ಕಡದಿದ್ದು ಎಷ್ಟು?"

"ಒಂದು ತೋಳು."

"ನೀ ಹೊಡದಿದ್ದು?"

"ಆರು ಬೆನ್ನು."

"ಹಂಗಾರ ಆ ಬಂದೂಕು ಇಲಿ ಕೈಯಾಗ ಕೊಡು. ನನ್ನ ಬಟ್ಟಿ ಅದು ಕಾಯ್ತೈತಿ."

ನೇತ್ರಾ ಕಿಸಕ್ ಅಂತ ನಕ್ಲು. ಮಾವ ನಗಲಿಲ್ಲ, "ಸುಳಿ ಇದ್ದದ್ದ ತರಬೇಕಿತ್ತೇನೋ" ಅಂದ. ತೂತಿನ ಮ್ಯಾಲೆ ಜರಿ ದಾರದಾಗ ಒಂದೊಂದು ಹೂ ಹಾಕಿ ಕೊಡ್ತೀನಿ, ಇಲ್ಲೇ ಈಗಿಂದೀಗ್ಲೆ ಹಾಕ್ತೀನಿ ಅಂತ ಕೈ ಮುಗದೆ. ಹುಲಿಗೆಮ್ಮಕ್ಕ ಮಗಳ ಮುಖ ನೋಡಿದ್ಲು. ನೇತ್ರಾ ಆಗ್ಲಿ ಅಂತ ಗೋಣು ಹಾಕಿದ್ಲು. "ಹಾಕು" ಅಂದ್ಲು ಹುಲಿಗೆಮ್ಮಕ್ಕ. ಬಂದೂಕು ನನ್ನ ಕೈಯಿಂದ ಕಸಗೊಂಡು, ತನ್ನ ತೊಡಿ ಮ್ಯಾಲೆ ಅಡ್ಡ ಇಟ್ಟುಕೊಂಡು, ಹೊತ್ತು ಮುಳುಗೋ ತನಕ ಅಲ್ಲಾಡದ ಕುಂತ್ಲು. ಆಕಿ ಕಣ್ಣು ಹಿಂದಿನ ಗ್ವಾಡಿ ಕಡಿ ಇರಲಿಲ್ಲ, ನನ್ನ ಕಡಿನ ಇತ್ತು.

ಹೂವು ಚಂದ ಬಂದ್ವು. ಮದುವ್ಯಾಗ ಎಲ್ಲಾರೂ ಹೊಗಳಿದ್ರಂತ. ಹೊಗಳಿದೋರಿಗೆಲ್ಲ ಹುಲಿಗೆಮ್ಮಕ್ಕ ಆ ಹೂವಿನ ಕತಿ ಪೂರ್ತಾ ಹೇಳ್ಯಾಳ, ನಾನು ಮಲಗಿದ್ದ ಭಂಗಿ ಸೈತ ಬಿಡದಂಗ. ತಂಬ್ರಹಳ್ಳಿ ಕೆಲಸ ನನ್ನ ಹತ್ರಾನ ಉಳಿದೈತಿ, ಸುಳ್ಳು ಹೇಳಬಾರದು. ಆದ್ರ ಈಗ ಅಲ್ಲಿಂದ ಯಾರ ಬರಲಿ, ಟೇಪು ಹಿಡಕೊಂಡು "ಸ್ವಲ್ಪ ಕೈ ಎತ್ರಿ" ಅಂದ್ರ ಸಾಕು, ಎರಡೂ ಕೈ ತಲಿ ಮ್ಯಾಲೆತ್ತಿ, ಮಿಸುಕದಂಗ ನಿಂತುಬಿಡ್ತಾರ.