ರಾಕ್ ಹಾಡುವ ರಾಜಕುಮಾರಿಯ ವರ್ಗಾವಣೆ

ಅಪ್ಪನಿಗೆ ಚಿತ್ರ ಬರೆಯಲು ಬರುತ್ತದೆ ಎಂಬ ಸುಳಿವು ಮಕ್ಕಳಿಗೆ ಎಂದೂ ಸಿಗಬಾರದು. ಸಿಕ್ಕಿತೋ, ಭಾನುವಾರದ ಮಧ್ಯಾಹ್ನದ ನಿದ್ದೆಗೆ ಎಳ್ಳುನೀರು ಬಿಟ್ಟ ಹಾಗೆಯೇ. ನನಗೆ ನಿಜವಾಗಿ ಚಿತ್ರ ಬರೆಯಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಎಪ್ಪತ್ತರ ದಶಕದಲ್ಲಿ ನಾನು ತಿರುವನಂತಪುರದ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್. ನೀರಿನ ಟ್ಯಾಂಕು, ಮೆಟ್ಟಿಲು, ಚರಂಡಿಗಳ ನಕ್ಷೆ ತೆಗೆಯುವವನು. ಆದರೆ ಪಟ್ಟಂ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ಒಂಬತ್ತು ವರ್ಷದ ಮಗಳು ಮಾಲಿನಿಗೆ ಪೆನ್ಸಿಲ್ ಹಿಡಿದವರೆಲ್ಲ ಚಿತ್ರಕಾರರೇ.

ಅವಳು ಕಥೆ ಹೇಳುವುದು, ನಾನು ಚಿತ್ರ ಬರೆಯುವುದು. ಕಥೆಯ ನಾಯಕಿ ಎರಡು ಲೋಕಗಳ ನಡುವೆ ಓಡಾಡುವ ರಾಜಕುಮಾರಿ. ಮೋಡದ ಮೇಲಿನ ಲೋಕದಲ್ಲಿ ಅವಳು ಸಿಂಹಾಸನದ ಮೇಲೆ ತುಟಿ ಪಿಟಕ್ಕೆನ್ನದೆ ಕೂರಬೇಕು; ಕೆರೆಯ ಕೆಳಗಿನ ಲೋಕಕ್ಕೆ ಬಂದರೆ ಗಿಟಾರ್ ಹಿಡಿದು ರಾಕ್ ಹಾಡಬಹುದು. ರಾಕ್ ಎಂದರೆ ನಮ್ಮ ಮಹಡಿಯ ಮನೆಯವರ ರೆಕಾರ್ಡ್ ಪ್ಲೇಯರ್ ಹಾಡಿದಾಗ ನಮ್ಮ ಗೋಡೆಯ ಗಾರೆ ಉದುರಿಸುವಂಥದ್ದು ಎಂದಷ್ಟೇ ನನಗೆ ಗೊತ್ತಿತ್ತು. ನನ್ನ ಹೆಂಡತಿ ಕಮಲಳಿಗೆ ಇದೆಲ್ಲ ಹಿಡಿಸಲಿಲ್ಲ. “ರಾಜಕುಮಾರಿ ಅಂದ್ಮೇಲೆ ವೀಣೆ ನುಡಿಸ್ಬೇಕು ಕಣ್ರೀ. ಇದೇನು, ಹೆಗಲಿಗೆ ನೇತು ಹಾಕ್ಕೊಂಡು ಕುಣಿಯೋದು?” ಎಂದಳು. ನಾನಾದರೋ ಮೊದಲ ಹಾಳೆಯಲ್ಲಿ ರಾಜಕುಮಾರಿಯನ್ನು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಹೀಗೆ ಮೂರು ನೋಟಗಳಲ್ಲಿ ತೆಗೆದು, ಗಿಟಾರಿಗೆ ಬಾಣದ ಗುರುತು ಹಾಕಿ ಉದ್ದಗಲ ನಮೂದಿಸಿದ್ದೆ. ಮೇಲಿನ ನೋಟದಲ್ಲಿ ಪಾಪ, ಅವಳು ಬೈತಲೆ ತೆಗೆದ ಒಂದು ವೃತ್ತ ಮಾತ್ರ. “ಇಙ್ಙನೆಯಲ್ಲ ಅಪ್ಪಾ!”, ಹೀಗಲ್ಲ ಎಂದು ಮಗಳು ಹಣೆ ಚಚ್ಚಿಕೊಂಡಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಮಲಯಾಳದಲ್ಲಿ. ಆದರೂ ಆ ಹಾಳೆ ಶಾಲೆಗೆ ಹೋಯಿತು, ಗೆಳತಿಯರು ಮುಂದೇನು ಎಂದು ಅವಳ ಪ್ರಾಣ ತಿಂದರು, ಅವಳು ಬಂದು ನನ್ನ ಪ್ರಾಣ ತಿಂದಳು. ಅಲ್ಲಿಂದ ಪ್ರತಿ ಭಾನುವಾರ ನನಗೆ ಇದೇ ಕೆಲಸವಾಯಿತು.

ಹೀಗಿರುವಾಗ ನನಗೆ ಕೊಚ್ಚಿಗೆ ವರ್ಗವಾಯಿತು. “ಞಾನ್ ವರಿಲ್ಲ”, ನಾನು ಬರುವುದಿಲ್ಲ ಎಂದು ಮಾಲಿನಿ ಗೋಡೆಗೆ ಮುಖ ಮಾಡಿ ಕೂತಳು. ಅವಳ ಗೆಳತಿಯರು, ಅಂದರೆ ಕಥೆಯ ಓದುಗರೆಲ್ಲ, ಪಟ್ಟಂನಲ್ಲೇ ಇದ್ದರಲ್ಲ! “ಈ ವರ್ಷ ನಾವಿಬ್ರೂ ಇಲ್ಲೇ ಇರ್ತೀವಿ, ನೀವು ರಜಕ್ಕೆ ಬಂದು ಹೋಗಿ” ಎಂದಳು ಕಮಲ. “ಅದಕ್ಕೇನಂತೆ” ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಆದರೆ ಸಂಜೆ ಬಾಗಿಲು ತೆರೆದರೆ ಆ ಹುಡುಗಿಯ ಗದ್ದಲವಿಲ್ಲದ ಮನೆ ನನಗೆ ಬೇಡವೇ ಬೇಡವಾಗಿತ್ತು.

ಬಾಯಿಬಿಟ್ಟು ಹೇಳಿಕೊಳ್ಳುವ ಬದಲು ಒಂದು ಉಪಾಯ ಹೂಡಿದೆ. ಮುಂದಿನ ಹಾಳೆಯಲ್ಲಿ ಕೆರೆಯ ಕೆಳಗಿನ ಲೋಕಕ್ಕೆ ಹಿನ್ನೀರು, ಹಡಗು, ದೊಡ್ಡ ದೊಡ್ಡ ಚೀನೀ ಮೀನುಬಲೆಗಳನ್ನೆಲ್ಲ ತಂದು ತುಂಬಿದೆ. ರಾಜಕುಮಾರಿ ದೋಣಿಯ ಮೇಲೆ ನಿಂತು ಹಾಡುತ್ತಿದ್ದಾಳೆ, ದಡದಲ್ಲಿ ಜನವೋ ಜನ. “ಈ ಲೋಕದಲ್ಲಿ ಶಾಲೆಗೂ ದೋಣಿಯಲ್ಲೇ ಹೋಗ್ತಾರಂತೆ ಕಣೇ” ಎಂದೆ, ಏನೂ ಅರಿಯದವನ ಹಾಗೆ.

ಮಾಲಿನಿ ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಇದು ಕೊಚ್ಚಿ ಅಪ್ಪಾ. ವರ್ಗ ಆಗಿದ್ದು ನಿಂಗೆ, ರಾಜಕುಮಾರಿಗಲ್ಲ.” ನನ್ನ ಗ್ರಹಚಾರಕ್ಕೆ ಇದನ್ನು ಮಾತ್ರ ಕನ್ನಡದಲ್ಲಿ ಹೇಳಿದ್ದಳು. ಅಡುಗೆಮನೆಯಲ್ಲಿ ಕಮಲ ನಕ್ಕಿದ್ದು ಕೇಳಿಸಿತು.

ಆಮೇಲೆ ಮಾಲಿನಿ ನನ್ನ ಹತ್ತಿರ ಸುಳಿಯಲಿಲ್ಲ. ಸಂಜೆ ಕಾಫಿಯ ಹೊತ್ತಿಗೆ ಹೊಸ ಹಾಳೆ ಹಿಡಿದು ಬಂದಳು, ಮಾತು ಈಗಲೂ ಕನ್ನಡದಲ್ಲೇ. “ರಾಜಕುಮಾರಿ ದೋಣಿ ಲೋಕಕ್ಕೆ ಹೋಗ್ತಾಳೆ. ಆದ್ರೆ ಮೊದ್ಲು ಅವಳಪ್ಪ, ರಾಜ, ಅಲ್ಲಿ ಒಬ್ಬನೇ ಕೂತು ಅಳೋದನ್ನ ಬರಿ. ಅದನ್ನ ನೋಡಿ ಪಾಪ ಅನ್ನಿಸಿ ಹೋಗ್ತಾಳೆ.”

“ನಾನೆಲ್ಲೇ ಅಳ್ತಿದೀನಿ?” ಎಂದು ಥಟ್ಟನೆ ಕೇಳಿಬಿಟ್ಟೆ.

“ನಾನು ಹೇಳಿದ್ದು ರಾಜನ ವಿಷಯ” ಎಂದಳು ಮಾಲಿನಿ.

ಪೆನ್ಸಿಲ್ ತೆಗೆದುಕೊಂಡೆ. ರಾಜನ ಮರ್ಯಾದೆ ಉಳಿಯಲಿ ಎಂದು ಒಂದು ಕಣ್ಣಿಗೆ ಮಾತ್ರ ಒಂದು ಹನಿ ಹಾಕಿದೆ. ಅವಳು ನನ್ನ ಮುಖವನ್ನೊಮ್ಮೆ ಸರಿಯಾಗಿ ನೋಡಿ, ಹಾಳೆಯಲ್ಲಿ ರಾಜನ ಇನ್ನೊಂದು ಕಣ್ಣಿನ ಮೇಲೆ ಬೆರಳಿಟ್ಟು ತೋರಿಸಿದಳು.